ಖಲಾಸ್ ಎನ್ನದ ಕೌಂಟರ್

ಬಹರೈನಿನ ಸೆಗಯಾದ ಗಲ್ಲಿಯಲ್ಲಿ ಬೀದಿದೀಪಗಳು ಇನ್ನೂ ಆರಿಲ್ಲ. ಮೂಲೆಯ ಬೇಕರಿಯವನು ಒಲೆಯಿಂದ ಮೊದಲ ಖುಬ್ಸ್ ರೊಟ್ಟಿ ತೆಗೆಯುತ್ತಿದ್ದಾನೆ. ಅವನ ಪಕ್ಕದ ಸಣ್ಣ ಕ್ಲಿನಿಕ್ಕಿನ ಶಟರನ್ನು ಒಬ್ಬ ಹೆಂಗಸು ಎರಡೂ ಕೈ ಹಾಕಿ ಎತ್ತುತ್ತಾರೆ. ಅದು ಅರ್ಧಕ್ಕೆ ಬಂದು ಸಿಕ್ಕಿಕೊಳ್ಳುತ್ತದೆ. ಭುಜ ಕೊಟ್ಟು ನೂಕಿದರೆ ಮತ್ತೆ ಏರುತ್ತದೆ. ಒಳಗೆ ಹೋಗಿ ಎ.ಸಿ. ಹಾಕಿ, ಕೌಂಟರಿನ ಗಾಜು ಒರೆಸಿ, ಶಿಲುಬೆಯ ಗುರುತು ಮಾಡಿಕೊಂಡು ಕಂಪ್ಯೂಟರ್ ಹಚ್ಚುವಷ್ಟರಲ್ಲಿ ವರ್ಕ್‌ಶಾಪುಗಳ ಬಡಾವಣೆ ಸಲ್ಮಾಬಾದಿನಿಂದ ಮೊದಲ ವ್ಯಾನ್ ಬಂದು ನಿಲ್ಲುತ್ತದೆ. ಬಿಸಿಲು ಏರುವ ಮೊದಲು ಕೆಲಸಕ್ಕೆ ಇಳಿಯಬೇಕಾದವರು ಅದಕ್ಕೂ ಮೊದಲು ಡಾಕ್ಟರನ್ನು ಕಾಣಲು ಬಂದಿದ್ದಾರೆ.

ಮೊದಲನೆಯವನು ಕೆಮ್ಮುತ್ತಾ ಗಾಜಿನ ಕೆಳಗೆ ತನ್ನ ಇನ್ಶೂರೆನ್ಸ್ ಕಾರ್ಡ್ ತೂರಿಸುತ್ತಾನೆ.

"ಕಾರ್ಡ್ ಹೊಸದಲ್ವಾ?" ಹೆಂಗಸು ಹಿಂದಿಯಲ್ಲಿ ಕೇಳುತ್ತಾರೆ.

"ಹೊಸದೇ ಸಿಸ್ಟರ್. ಕಂಪನಿ ಹೋದ ವಾರ ಕೊಟ್ಟಿತು."

"ಹಳೆಯದು ಎಲ್ಲಿ?"

"ಬಿಸಾಡಿದೆ. ಫೋರ್‌ಮ್ಯಾನ್ ಹೇಳಿದ್ರು."

"ಫೋರ್‌ಮ್ಯಾನಿಗೆ ಕೆಮ್ಮು ಬಂದಾಗ ಅವರನ್ನೂ ಇದೇ ಗಾಜಿನ ಮುಂದೆ ನಿಲ್ಲಿಸ್ತೇನೆ ಅಂತ ಹೇಳು."

ಸಾಲಿನಲ್ಲಿ ನಿಂತವರು ನಗುತ್ತಾರೆ. ಹೆಂಗಸು ನಗುವುದಿಲ್ಲ. ಈ ವರ್ಷ ಆಸ್ಪತ್ರೆಯಲ್ಲಿ ಮಲಗಿದ್ದು ಉಂಟಾ, ಕೈಯಿಂದ ದೊಡ್ಡ ಹಣ ಕೊಟ್ಟದ್ದು ಉಂಟಾ ಎಂದು ಕೇಳುತ್ತಾರೆ. ಇಲ್ಲ ಎಂದ ಮೇಲೆಯೇ ಅವನ ಹೆಸರನ್ನು ಡಾಕ್ಟರ ಕೋಣೆಗೆ ಕಳಿಸುತ್ತಾರೆ. ಈ ಪ್ರಶ್ನೆಯನ್ನು ಅವರು ಕೇಳತೊಡಗಿದ್ದು ಈಚೆಗೆ, ಕಳೆದ ಬೇಸಿಗೆಯ ನಂತರ.

ಇವರು ಕ್ಲೊಟಿಲ್ಡಾ ಮಥಾಯಸ್. ಉಡುಪಿ ಬಳಿಯ ಶಂಕರಪುರದವರು. ಮಲ್ಲಿಗೆಯ ಊರು ಅದು. ತಾಯಿ ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂವಿನ ವ್ಯಾಪಾರದ ಕಟ್ಟೆಗೆ ಕಳಿಸುತ್ತಿದ್ದರು. ಪಿಯುಸಿ ಮುಗಿದ ಮೇಲೆ ಕ್ಲೊಟಿಲ್ಡಾ ಕೂಡ ಹೂವೇ ಕಟ್ಟಿದರು. ಮದುವೆಯಾದ ಮೇಲೆ ಗಂಡ ಕೊಸ್ಮಸ್ ಜೊತೆ ಬಹರೈನಿಗೆ ಬಂದರು. ಕೊಸ್ಮಸ್‌ಗೆ ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ. ಇವರಿಗೆ ಈ ಕ್ಲಿನಿಕ್ಕಿನಲ್ಲಿ ನೆಲ ಒರೆಸುವ ಕೆಲಸ ಸಿಕ್ಕಿತು. ಆಮೇಲೆ ಫೈಲು ಹೊರುವ ಕೆಲಸ. ಒಂದು ದಿನ ಕೌಂಟರಿನ ಹುಡುಗಿ ಮದುವೆಗೆಂದು ಊರಿಗೆ ಹೋದವಳು ವಾಪಸ್ ಬರಲಿಲ್ಲ. "ಇವತ್ತೊಂದು ದಿನ ಕೂತ್ಕೊಳ್ಳಿ ಅಂದ್ರು ಡಾಕ್ಟ್ರು. ಆ ಒಂದು ದಿನ ಇನ್ನೂ ಮುಗೀಲಿಲ್ಲ ನೋಡಿ," ಎನ್ನುತ್ತಾರೆ. ಅಂದಿನಿಂದ ಹತ್ತೊಂಬತ್ತು ವರ್ಷ ಕಳೆದಿದೆ.

ಬೆಳಿಗ್ಗೆ ಎಂಬತ್ತು, ಜ್ವರದ ಕಾಲದಲ್ಲಿ ನೂರು ನೂರಿಪ್ಪತ್ತು ಮಂದಿ ಈ ಗಾಜಿನ ಮುಂದೆ ಹಾದುಹೋಗುತ್ತಾರೆ. ತುಳು, ಕೊಂಕಣಿ, ಕನ್ನಡ, ಹಿಂದಿ, ಹರಕು ಮಲಯಾಳ, ಬೇಕಾದಷ್ಟು ಅರಬಿ. ಯಾವ ಭಾಷೆಯಲ್ಲಿ ಹೇಳಿದರೂ ಇಲ್ಲಿ ಕೇಳಬೇಕಾದ ಸುದ್ದಿ ಒಂದೇ: ಇದಕ್ಕೆ ವಿಮೆ ಉಂಟು, ಇದಕ್ಕೆ ಇಲ್ಲ, ಇದರಲ್ಲಿ ನಿಮ್ಮ ಪಾಲು ಇಷ್ಟು. ಕಾಯಿಲೆಯ ಹೆಸರು ಡಾಕ್ಟರು ಹೇಳುತ್ತಾರೆ, ಮದ್ದನ್ನು ನರ್ಸ್ ಕೊಡುತ್ತಾರೆ. ಅವರಿಬ್ಬರಿಗೆ ಕೈ ಮುಗಿಯುವವರುಂಟು. ಹಣದ ಮಾತು ಹೇಳುವವರಿಗೆ ಮುಗಿಯುವ ಕೈ ಕಡಿಮೆ. "ನಮ್ಮನ್ನು ನೋಡಿದ್ರೆ ಜನರಿಗೆ ಬಸ್ಸಿನ ಚೆಕಿಂಗ್ ನೋಡಿದ ಹಾಗೆ," ಎಂದು ಕ್ಲೊಟಿಲ್ಡಾ ಹೇಳುತ್ತಾರೆ. ಕೊಸ್ಮಸ್ ಅದಕ್ಕೆ ಇನ್ನೊಂದು ಸೇರಿಸುತ್ತಾರೆ: "ಇವಳು ನಿದ್ದೆಯಲ್ಲಿ ನನ್ನನ್ನೂ ಎಬ್ಬಿಸಿ ಕಾರ್ಡ್ ನಂಬರ್ ಕೇಳ್ತಾಳೆ ಮಾರಾಯ್ರೆ."

ಇಲ್ಲಿ ಹೆಚ್ಚು ಜಗಳ ತರುವ ಪದ ಡಿಡಕ್ಟಿಬಲ್. ಕೆಮ್ಮು ಜ್ವರಕ್ಕೆ ಬಂದವರು ಪ್ರತಿ ಸಲ ಕೊಡುವ ಒಂದೆರಡು ದಿನಾರನ್ನೂ ಜನ ಇದೇ ಹೆಸರಿನಿಂದ ಕರೆಯುತ್ತಾರೆ. ಅದು ಅಂದಿನದು ಅಂದಿಗೇ ತೀರಿತು. ಕೆಲವು ಪಾಲಿಸಿಗಳಲ್ಲಿ ಇನ್ನೊಂದು ಬಗೆಯದು ಇದೆ, ವರ್ಷದ ಪಾಲು. ಆಸ್ಪತ್ರೆ, ಆಪರೇಷನ್ ಎಂದು ಬಂದಾಗ ವರ್ಷದಲ್ಲಿ ಮೊದಲ ಇಷ್ಟು ದಿನಾರನ್ನು ರೋಗಿಯೇ ಕಟ್ಟಬೇಕು. ಅದು ತುಂಬಿದ ಮೇಲೆ ವಿಮೆಯವರು ಕೊಡಲು ಶುರು ಮಾಡುತ್ತಾರೆ. ವರ್ಷಕ್ಕೊಮ್ಮೆ ತುಂಬಿಸಿದರೆ ಆಯಿತು.

ಆಯಿತು ಎನ್ನಲು ಕೊಲ್ಲಿಯಲ್ಲಿ ಒಂದೇ ಪದ. ಬಾಡಿಗೆ ಕೊಟ್ಟರೆ ಖಲಾಸ್, ಪಾಳಿ ಮುಗಿದರೆ ಖಲಾಸ್, ವೀಸಾ ಬಂದರೆ ಖಲಾಸ್. ನಮ್ಮ ಕರಾವಳಿಯವರಿಗೆ ಈ ಪದ ಊರಿನಲ್ಲೂ ಗೊತ್ತು, ಬಾಯಿಗೆ ಬೇಗ ಬರುತ್ತದೆ. ಮುಗಿದದ್ದು ಮತ್ತೆ ತೆರೆಯುವುದಿಲ್ಲ ಎಂಬ ಭರವಸೆ ಅದರಲ್ಲಿ ಇದೆ. ವಿಮೆಯಲ್ಲಿ ಆ ಭರವಸೆ ಇಲ್ಲ. ಕ್ಲೊಟಿಲ್ಡಾಗೆ ಇದು ಮನಸ್ಸಿಗೆ ನಾಟಿದ್ದು ಮುಂಡಪ್ಪ ಅವರ ಕಾಲಿನಿಂದ.

ಮುಂಡಪ್ಪ ಕಾರ್ಕಳದ ಕಡೆಯವರು. ಸಲ್ಮಾಬಾದಿನ ಒಂದು ವರ್ಕ್‌ಶಾಪಿನಲ್ಲಿ ಕಟ್ಟಡಗಳ ಮೇಲೆ ಇಡುವ ಕಬ್ಬಿಣದ ನೀರಿನ ಟ್ಯಾಂಕುಗಳನ್ನು ವೆಲ್ಡ್ ಮಾಡುತ್ತಾರೆ. ಐವತ್ತು ದಾಟಿದೆ, ಸಕ್ಕರೆ ಕಾಯಿಲೆಯೂ ಇದೆ. ಮಾರ್ಚಿನಲ್ಲಿ ಕಾದ ಕಬ್ಬಿಣದ ಚೂರೊಂದು ಅವರ ಬೂಟಿನೊಳಗೆ ಬಿತ್ತು. ಸಕ್ಕರೆಯಿಂದ ಪಾದ ಜೋಮು ಹಿಡಿದಿದ್ದರಿಂದ ಸುಟ್ಟದ್ದು ಗೊತ್ತಾಗಲಿಲ್ಲ. ಸಂಜೆ ಕಾಲುಚೀಲ ತೆಗೆದಾಗಲೇ ನೋಡಿದ್ದು. ಕೆಲವು ದಿನ ಆಸ್ಪತ್ರೆಯಲ್ಲಿ ಇರಬೇಕಾಯಿತು. ಅವರ ಪಾಲಿಸಿಯಲ್ಲಿ ವರ್ಷದ ಪಾಲು ನೂರು ದಿನಾರ್. ಕೋಣೆಯ ಜೊತೆಗಾರರಿಂದಲೂ ಪಡೆದು ಅಷ್ಟನ್ನೂ ಕಟ್ಟಿದರು. ಆಮೇಲೆ ಡ್ರೆಸ್ಸಿಂಗಿಗೆ ಈ ಕ್ಲಿನಿಕ್ಕಿಗೆ ಬಂದಾಗ ಕ್ಲೊಟಿಲ್ಡಾ ಸಂತೋಷದಿಂದಲೇ ಹೇಳಿದರು: "ಮುಂಡಪ್ಪಣ್ಣ, ಈ ವರ್ಷದ್ದು ನಿಮ್ಮದು ಖಲಾಸ್. ಇನ್ನು ಎಂತ ಕೊಡ್ಲಿಕ್ಕಿಲ್ಲ. ಕಾಲು ಗುಣ ಮಾಡ್ಕೊಳ್ಳಿ, ಅಷ್ಟೇ."

ಜುಲೈ ಒಂದರಂದು ವರ್ಕ್‌ಶಾಪಿನವರು ವಿಮಾ ಕಂಪನಿಯನ್ನು ಬದಲಾಯಿಸಿದರು. ಮಾಲೀಕರಿಗೆ ಕಂತು ಕಡಿಮೆ ಬೀಳುವ ಕಡೆ ಸಿಕ್ಕಿತ್ತು. ಅದರಲ್ಲಿ ಮೋಸವೇನೂ ಇರಲಿಲ್ಲ. ಬೆಳಿಗ್ಗೆ ವ್ಯಾನಿನಲ್ಲಿ ಹೊಸ ಕಾರ್ಡ್ ಹಂಚಿದರು, ಎಲ್ಲರೂ ಪರ್ಸಿಗೆ ಹಾಕಿಕೊಂಡರು. ಅದೇ ತಿಂಗಳು ಮುಂಡಪ್ಪ ಅವರ ಗಾಯ ಮತ್ತೆ ಬಾಯಿ ಬಿಟ್ಟಿತು. ಸಂಜೆ ಪಾಳಿಯಲ್ಲಿ ಕ್ಲಿನಿಕ್ಕಿಗೆ ಬಂದರು. ಡಾಕ್ಟರು ನೋಡಿ, ಕೊಳೆತ ಭಾಗ ತೆಗೆಯಬೇಕು, ಆಸ್ಪತ್ರೆಗೆ ಹೋಗಿ ಎಂದು ಬರೆದುಕೊಟ್ಟರು. ಕೌಂಟರಿನಲ್ಲಿ ರೋಶೆಲ್ ಎಂಬ ಹುಡುಗಿ ಇದ್ದಳು. ಹೊಸ ಕಾರ್ಡಿನ ಸಂಖ್ಯೆ ಹಾಕಿ ನೋಡಿದಳು. ಹೊಸ ಪಾಲಿಸಿಯಲ್ಲಿ ವರ್ಷದ ಪಾಲು ನೂರೈವತ್ತು, ಇವರ ಹೆಸರಿನಲ್ಲಿ ಕಟ್ಟಿದ್ದು ಸೊನ್ನೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಮುಂಡಪ್ಪ ಕಾರ್ಡ್ ತೆಗೆದುಕೊಂಡರು. ಒಂದು ಮಾತೂ ಆಡದೆ ಹೊರಗೆ ನಡೆದರು. ಹಣ ತರಲು ಹೋದರು ಎಂದೇ ರೋಶೆಲ್ ತಿಳಿದಳು.

"ರೋಶೆಲ್ ಹೇಳಿದ್ದು ಸರಿ," ಎನ್ನುತ್ತಾರೆ ಕ್ಲೊಟಿಲ್ಡಾ. ಕೈಯಲ್ಲಿ ಗಾಜು ಒರೆಸುವ ಬಟ್ಟೆ ಇದೆ, ಒರೆಸುತ್ತಿಲ್ಲ. "ಮಾರ್ಚಿನಲ್ಲಿ ನಾನು ಹೇಳಿದ್ದೂ ಆಗ ಸರಿಯೇ. ಆದ್ರೆ ಖಲಾಸ್ ಅಂತ ಹೇಳ್ಬಾರ್ದಿತ್ತು. ಈ ಕಾರ್ಡ್ ಇರುವವರೆಗೆ ಅಂತ ಒಂದು ಮಾತು ಸೇರಿಸ್ಬೇಕಿತ್ತು. ಅದನ್ನು ನುಂಗಿಬಿಟ್ಟೆ."

ಕೆಲವು ದಿನ ಬಿಟ್ಟು, ಟ್ಯಾಂಕಿನವರು ಯಾಕೆ ಡ್ರೆಸ್ಸಿಂಗಿಗೆ ಬರುತ್ತಿಲ್ಲ ಎಂದು ಕೇಳಿದ್ದು ನರ್ಸ್. ಆಗ ರೋಶೆಲ್ ಆ ಸಂಜೆಯದ್ದನ್ನು ಹೇಳಿದಳು. ಕ್ಲೊಟಿಲ್ಡಾ ಫೋನ್ ಮಾಡಿದರು. ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. ಶುಕ್ರವಾರ ಇಲ್ಲಿ ವಾರದ ರಜೆ. ಅಂದು ಇಗರ್ಜಿಯಲ್ಲಿ ಬಲಿಪೂಜೆ ಮುಗಿಸಿ, ಮನೆಗೆ ಹೋಗುವ ಬದಲು ಕೊಸ್ಮಸ್‌ರನ್ನು ಕರೆದುಕೊಂಡು ಸಲ್ಮಾಬಾದಿಗೆ ಹೋದರು. ಕಾರ್ಮಿಕರ ವಸತಿಯ ನೆರಳಿನ ಬದಿಯಲ್ಲಿ, ಬಣ್ಣದ ಡಬ್ಬಿಯ ಮೇಲೆ ಕಾಲಿಟ್ಟು ಮುಂಡಪ್ಪ ಕುಳಿತಿದ್ದರು. ಹಳೆಯ ಬನಿಯನ್ ಹರಿದು ಪಾದಕ್ಕೆ ಸುತ್ತಿದ್ದರು. ಹತ್ತಿರ ಹೋಗುವ ಮೊದಲೇ ವಾಸನೆ ಬಂತು ಎಂದು ಕೊಸ್ಮಸ್ ಹೇಳುತ್ತಾರೆ.

"ಬನ್ನಿ ಬಾಯಮ್ಮ," ಎಂದರಂತೆ ಮುಂಡಪ್ಪ. ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ. ಮರ್ಯಾದೆ ಅಷ್ಟಕ್ಕೇ ನಿಂತಿತು. "ನಿಮ್ಮ ಖಲಾಸಿನ ವಾಯಿದೆ ಎಷ್ಟು ತಿಂಗಳದ್ದು?"

"ಯಾಕೆ ಮಾತಾಡದೆ ಬಂದ್ರಿ ಮುಂಡಪ್ಪಣ್ಣ? ಅಲ್ಲಿ ಹುಡುಗಿ ಇದ್ದಳಲ್ಲ, ಒಂದು ಮಾತು ಕೇಳ್ಬಹುದಿತ್ತು."

"ಕೇಳಿ ಎಂತ ಮಾಡುವುದು? ಮಾರ್ಚಿನಲ್ಲಿ ಒಬ್ಬರು ಮುಗೀತು ಅಂದ್ರು. ಜುಲೈಯಲ್ಲಿ ಇನ್ನೊಬ್ಬರು ಶುರುವೇ ಆಗಿಲ್ಲ ಅಂದ್ರು. ಮೂರನೆಯವರ ಮಾತು ಕೇಳ್ಲಿಕ್ಕೆ ನನಗೆ ಮತ್ತೆ ಎಷ್ಟು ಕಾಲು ಉಂಟು?"

ಸರ್ಕಾರಿ ಹೆಲ್ತ್ ಸೆಂಟರಿಗಾದರೂ ಹೋಗಬಹುದಿತ್ತಲ್ಲ ಎಂದು ಕೊಸ್ಮಸ್ ಕೇಳಿದರು. ಅದಕ್ಕೆ ರಜೆ ಕೇಳಬೇಕು, ರಜೆ ಕೇಳಿದರೆ ಕಾಲು ತೋರಿಸಬೇಕು, ಕಾಲು ನೋಡಿದರೆ ಊರಿಗೆ ಕಳಿಸುತ್ತಾರೆ. ಮುಂಡಪ್ಪ ಅವರ ಲೆಕ್ಕ ಹಾಗೆ ಹೋಗಿತ್ತು. ಗಂಡಸರು ಕಾಯಿಲೆ ಮುಚ್ಚಿಡುವುದು ಧೈರ್ಯದಿಂದ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಹೆಚ್ಚಿನ ಸಲ ಅದು ಇಂಥ ಲೆಕ್ಕ.

ಕ್ಲೊಟಿಲ್ಡಾ ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತು, ಅವರ ಕೆಲಸದ ಭಾಷೆಯಲ್ಲೇ ವಿವರಿಸಲು ನೋಡಿದರು. "ಒಂದು ಟ್ಯಾಂಕ್ ಅಂತ ಇಟ್ಕೊಳ್ಳಿ. ಅದು ತುಂಬುವವರೆಗೆ ನೀರು ನೀವು ಹಾಕ್ಬೇಕು. ತುಂಬಿದ ಮೇಲೆ ಇನ್ಶೂರೆನ್ಸಿನವರು ಹಾಕ್ತಾರೆ. ಮಾರ್ಚಿನಲ್ಲಿ ನೀವು ತುಂಬಿಸಿದ್ರಿ. ಈಗ ನಿಮ್ಮ ಕಂಪನಿ ಆ ಟ್ಯಾಂಕನ್ನೇ ತೆಗೆದು ಬೇರೆ ಇಟ್ಟಿದೆ. ಇದು ಸ್ವಲ್ಪ ದೊಡ್ಡದು, ಒಳಗೆ ಖಾಲಿ."

"ಹಳೆಯದರಲ್ಲಿ ನಾನು ಹಾಕಿದ ನೀರು?"

"ಅದು ಅಲ್ಲೇ ಉಂಟು."

"ಅಲ್ಲೇ ಉಂಟಾ, ಇಲ್ಲ ಚೆಲ್ಲಿದ್ರಾ?" ಮುಂಡಪ್ಪ ನೆಟ್ಟಗೆ ಕುಳಿತರು. "ಬಾಯಮ್ಮ, ನಾವು ಬಿಲ್ಡಿಂಗಿನ ಟ್ಯಾಂಕ್ ಬದಲಾಯಿಸುವಾಗ ಮೊದಲು ಹಳೆಯದಕ್ಕೂ ಹೊಸದಕ್ಕೂ ಒಂದು ಪೈಪ್ ಕೊಡ್ತೇವೆ. ನೀರು ಆಚೆ ಹೋದ ಮೇಲೆ ಹಳೆಯದನ್ನು ಕತ್ತರಿಸುವುದು. ಈ ಮರುಭೂಮಿಯಲ್ಲಿ ತುಂಬಿದ ಟ್ಯಾಂಕನ್ನು ಚೆಲ್ಲಿದ್ರೆ ಯಾವ ಓನರ್ ಬಿಡ್ತಾನೆ? ನಿಮ್ಮ ಇನ್ಶೂರೆನ್ಸಿನವರ ಹತ್ರ ಒಂದು ಪೈಪ್ ಇಲ್ವಾ? ಕೇಳಿದ್ದೀರಾ?"

ಕ್ಲೊಟಿಲ್ಡಾ ಕೇಳಿರಲಿಲ್ಲ. ಅಷ್ಟು ವರ್ಷ ಕಾರ್ಡ್ ಬದಲಾದವರಿಗೆಲ್ಲ ಹೊಸ ಲೆಕ್ಕ ಶುರು ಎಂದು ಹೇಳಿ ಕಳಿಸಿದ್ದರು, ಮೇಲಿನವರು ಅವರಿಗೆ ಹಾಗೆಯೇ ಹೇಳಿದ್ದರು. "ಮೊದಲು ಕಾಲು ನೋಡುವ, ಪೈಪ್ ಆಮೇಲೆ ಹುಡುಕುವ ಅಂದೆ. ಅವರು ಬರ್ಲಿಕ್ಕೆ ಒಪ್ಪಲಿಲ್ಲ. ನೀವು ಬರುವವರೆಗೆ ನಾನು ಇಲ್ಲಿಂದ ಏಳುವುದಿಲ್ಲ ಅಂತ ಕೂತೆ. ಕೊಸ್ಮಸ್ ಊಟ ಮಾಡಿರ್ಲಿಲ್ಲ. ಅವರ ಮುಖ ನೋಡಿ ಮುಂಡಪ್ಪಣ್ಣನಿಗೆ ಪಾಪ ಅನಿಸಿರ್ಬೇಕು, ಎದ್ದರು."

ಆ ಸಂಜೆಯೇ ಆಸ್ಪತ್ರೆಗೆ ಸೇರಿಸಿದರು. ವರ್ಕ್‌ಶಾಪಿನ ಆಫೀಸಿನಲ್ಲಿ ಕಾರ್ಮಿಕರ ವೀಸಾ, ವಿಮೆ ನೋಡಿಕೊಳ್ಳುವವರು ನಿಝಾಮುದ್ದೀನ್. ಅವರು ಮಾಲೀಕರೊಂದಿಗೆ ಮಾತಾಡಿ ಆಸ್ಪತ್ರೆಗೆ ಮುಂಗಡ ಕಟ್ಟಿಸಿದರು. ಎರಡು ಬೆರಳು ತೆಗೆಯಬೇಕಾಯಿತು. ಇನ್ನೂ ಕೆಲವು ದಿನ ಬಿಟ್ಟಿದ್ದರೆ ಪಾದವೇ ಉಳಿಯುತ್ತಿರಲಿಲ್ಲ ಎಂದು ಸರ್ಜನ್ ಹೇಳಿದರು. ಗಾಯ ಬಾಯಿ ಬಿಟ್ಟ ದಿನವೇ ಬಂದಿದ್ದರೆ ಬೆರಳೂ ಉಳಿಯುತ್ತಿತ್ತೇನೋ ಎಂದೂ ಹೇಳಿದರು. ಈ ಎರಡನೆಯ ಮಾತನ್ನು ಕ್ಲೊಟಿಲ್ಡಾ ಯಾರೂ ಕೇಳದೆ ತಾವಾಗಿಯೇ ಹೇಳುತ್ತಾರೆ.

ಪೈಪ್ ಹುಡುಕುವ ಕೆಲಸ ಆಮೇಲೆ ಶುರುವಾಯಿತು. ಕ್ಲೊಟಿಲ್ಡಾ ಹೊಸ ವಿಮಾ ಕಂಪನಿಗೆ ಫೋನ್ ಹಚ್ಚಿ, ಮುಂಡಪ್ಪ ಕೇಳಿದ್ದನ್ನೇ ಕೇಳಿದರು: ಇದೇ ವರ್ಷ ಹಳೆಯ ಕಡೆ ಕಟ್ಟಿದ ಪಾಲನ್ನು ನೀವು ಲೆಕ್ಕಕ್ಕೆ ಹಿಡಿಯುತ್ತೀರಾ? ಇಬ್ಬರು ಇಲ್ಲ ಎಂದರು. ಮೂರನೆಯವರು, ಕ್ಲೇಮ್ ವಿಭಾಗದ ಒಬ್ಬರು, ಹಿಡಿಯಬಹುದು ಎಂದರು. ಅದಕ್ಕೆ ಅವರಲ್ಲಿ ಕ್ರೆಡಿಟ್ ಎನ್ನುತ್ತಾರಂತೆ. ಆದರೆ ರೋಗಿ ಕೇಳಿದರೆ ಆಗದು, ಕ್ಲಿನಿಕ್ ಕೇಳಿದರೂ ಆಗದು. ಪಾಲಿಸಿ ತೆಗೆದುಕೊಂಡ ಕಂಪನಿಯೇ ಕೇಳಬೇಕು. ಜನವರಿಯಿಂದ ಯಾರ ಪಾಲು ಎಷ್ಟು ತುಂಬಿದೆ ಎಂದು ಹಳೆಯ ವಿಮೆಯವರು ಬರೆದುಕೊಡಬೇಕು. ಬದಲಾದ ಮೂರು ತಿಂಗಳೊಳಗೆ ಆ ಪತ್ರ ತಲುಪಬೇಕು.

ನಿಝಾಮುದ್ದೀನ್ ಇದನ್ನು ಕೇಳಿ ತಲೆಗೆ ಕೈ ಹಚ್ಚಿದರು. "ಅಕ್ಕ, ನಾನೊಬ್ಬ, ಇಲ್ಲಿ ಎಪ್ಪತ್ತು ಮಂದಿ. ಪಾಲಿಸಿ ಬಂದಾಗ ಹೆಸರಿನ ಸ್ಪೆಲ್ಲಿಂಗ್ ಸರಿ ಉಂಟಾ ಅಂತ ಮಾತ್ರ ನೋಡ್ತೇನೆ. ಇಂಥದ್ದೊಂದು ಕೇಳ್ಬಹುದು ಅಂತ ಯಾರು ಹೇಳಿಕೊಟ್ಟಿದ್ದಾರೆ?" ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ಅವರು ಬಿಡಲಿಲ್ಲ. ಹಳೆಯ ವಿಮೆಯವರಿಗೆ, ಈಗ ತಮ್ಮ ಗಿರಾಕಿಯೇ ಅಲ್ಲದವರಿಗೆ ಪತ್ರ ಬರೆದುಕೊಡುವ ಅವಸರ ಇರಲಿಲ್ಲ. ನಿಝಾಮುದ್ದೀನ್ ಮೇಲ್ ಕಳಿಸಿ ಸಾಕಾಗಿ, ಕೊನೆಗೆ ಅವರ ಆಫೀಸಿಗೇ ಹೋಗಿ ಕುಳಿತು ಪತ್ರ ತಂದರು. ಒಬ್ಬರ ಹೆಸರು ಕೇಳಿದರೆ ಎಲ್ಲರದ್ದೂ ಕೇಳಬೇಕಾಗುತ್ತದೆ. ಹಾಗೆ ಕೇಳಿದಾಗ ಆ ವರ್ಷ ಪಾಲು ಕಟ್ಟಿದವರು ಇನ್ನೂ ಹನ್ನೊಂದು ಮಂದಿ ಇರುವುದು ತಿಳಿಯಿತು. ಅವರಲ್ಲಿ ಒಬ್ಬರು, ಒಂದೇ ವರ್ಷ ಎರಡನೆಯ ಸಲ ಪಾಲು ಕಟ್ಟಲು ಕೈಯಲ್ಲಿಲ್ಲದೆ, ಮೂತ್ರದ ಕಲ್ಲಿನ ಆಪರೇಷನ್ನನ್ನು ಜನವರಿಗೆ ಮುಂದೂಡಿ, ನೋವಿನ ಮಾತ್ರೆ ನುಂಗಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು.

ಸೆಪ್ಟೆಂಬರಿನಲ್ಲಿ ಉತ್ತರ ಬಂತು. ಉಳಿದ ಹನ್ನೊಂದು ಮಂದಿಯದ್ದರ ಜೊತೆ ಮುಂಡಪ್ಪ ಕಟ್ಟಿದ ನೂರು ದಿನಾರನ್ನೂ ಹೊಸ ಪಾಲಿಸಿ ಒಪ್ಪಿಕೊಂಡಿತು. ಹೊಸ ಪಾಲು ನೂರೈವತ್ತಾದ್ದರಿಂದ ಉಳಿದ ಐವತ್ತು ಅವರ ಮೇಲೆಯೇ ಬಿತ್ತು. ಔಷಧದ ಅಂಗಡಿಯಲ್ಲಿ ಸ್ವಂತವಾಗಿ ಕೊಂಡದ್ದು ಯಾವ ಲೆಕ್ಕಕ್ಕೂ ಬರಲಿಲ್ಲ.

ಎಲ್ಲರಿಗೂ ಹೀಗೆಯೇ ಆಗುತ್ತದೆ ಎಂದು ಯಾರೂ ತಿಳಿಯಬಾರದು. ಒಂದೇ ವಿಮಾ ಕಂಪನಿಯೊಳಗೆ ಪಾಲಿಸಿ ಮಾತ್ರ ಬದಲಾದರೆ ಕೆಲವು ಕಡೆ ಹಳೆಯ ಲೆಕ್ಕ ತಾನಾಗಿಯೇ ಮುಂದುವರಿಯುತ್ತದೆ. ಕಂಪನಿಯೇ ಬದಲಾದರೆ ಹೆಚ್ಚಾಗಿ ಸೊನ್ನೆಯಿಂದ ಶುರು, ಕೇಳಿದರೆ ಮಾತ್ರ ಕ್ರೆಡಿಟ್, ಅದೂ ಅವರು ಕೊಡುವುದಾದರೆ. ವರ್ಷ ಎಂದರೆ ಜನವರಿಯಿಂದಲೋ ಪಾಲಿಸಿ ಹುಟ್ಟಿದ ದಿನದಿಂದಲೋ ಎಂಬುದೂ ಒಂದೊಂದರಲ್ಲಿ ಒಂದೊಂದು ಥರ. ಹೊಸ ಕಾರ್ಡ್ ಕೈಗೆ ಬಂದ ದಿನವೇ ಆಫೀಸಿನವರಲ್ಲಿ ಇದನ್ನು ಕೇಳಿಬಿಡುವುದು ಒಳ್ಳೆಯದು. ಕಾಯಿಲೆ ಬಂದ ಮೇಲೆ ಕೇಳಲು ಹೊರಟರೆ ಕಾಯಿಲೆ ಕಾಯುವುದಿಲ್ಲ.

ಮುಂಡಪ್ಪ ಈಗ ವೆಲ್ಡಿಂಗ್ ಮಾಡುತ್ತಿಲ್ಲ. ಮುಗಿದ ಟ್ಯಾಂಕಿಗೆ ನೀರು ತುಂಬಿಸಿ ಎಲ್ಲಿ ಒಸರುತ್ತದೆ ಎಂದು ನೋಡುವ ಕೆಲಸ ಕೊಟ್ಟಿದ್ದಾರೆ. ಸ್ವಲ್ಪ ಕುಂಟುತ್ತಾರೆ. ಪಾದ ತೋರಿಸಲು ಬಂದಾಗಲೆಲ್ಲ ಕೌಂಟರಿನಲ್ಲಿ ನಿಂತು ತುಳುವಿನಲ್ಲಿ ಕಾಲೆಳೆಯುತ್ತಾರೆ.

"ಎಂತ ಬಾಯಮ್ಮ, ಇವತ್ತು ಖಲಾಸಾ, ಬಾಕಿ ಉಂಟಾ?"

"ನಿಮ್ಮ ಬಾಯಿ ಒಂದು ಖಲಾಸ್ ಆಗ್ಲಿಲ್ಲ ನೋಡಿ ಮುಂಡಪ್ಪಣ್ಣ."

ಅವರು ಒಳಗೆ ಹೋದ ಮೇಲೆ ಕ್ಲೊಟಿಲ್ಡಾ ಹೇಳುತ್ತಾರೆ: "ತಮಾಷೆ ಮಾಡ್ತಾರೆ. ನನ್ನ ಮೇಲೆ ಸಿಟ್ಟಿಲ್ಲ ಅಂತ ತೋರಿಸ್ಲಿಕ್ಕೆ ಮಾಡುವುದು ಅಂತ ನನಗೆ ಗೊತ್ತು. ಆದ್ರೆ ಬೆರಳು ಇಲ್ವಲ್ಲ."

ಖಲಾಸ್ ಎಂಬ ಪದವನ್ನು ಅವರು ರೋಗಿಗಳಿಗೆ ಈಗ ಹೇಳುವುದಿಲ್ಲ. ರೋಶೆಲ್‌ಗೂ ಬಿಡಿಸಿದ್ದಾರೆ. ಪಾಲು ತುಂಬಿದವರಿಗೆ "ಈ ಕಾರ್ಡಿಗೆ ತುಂಬಿತು, ಕಾರ್ಡ್ ಬದಲಾದ ದಿನ ಬಂದು ಹೇಳಿ" ಎನ್ನುತ್ತಾರೆ. ಯಾರಾದರೂ ಮೊತ್ತ ಕೇಳಿ ಮಾತಾಡದೆ ತಿರುಗಿದರೆ, ಎದ್ದು ಗಾಜಿನ ಬದಿಯಿಂದ ತಲೆ ಹೊರಗೆ ಹಾಕಿ ಹೆಸರು ಹಿಡಿದು ಕರೆಯುತ್ತಾರೆ. ಸಾಲಿನಲ್ಲಿರುವವರು ಗೊಣಗುತ್ತಾರೆ. "ಗೊಣಗಲಿ. ಗೊಣಗುವವರು ಹೇಗೂ ಇಲ್ಲೇ ನಿಂತಿರ್ತಾರೆ. ನನಗೆ ಹೆದರಿಕೆ ಗೊಣಗದವರದ್ದು," ಎನ್ನುತ್ತಾರೆ.

ಬೆಳಕು ಗಲ್ಲಿಗೆ ಪೂರ್ತಿ ಇಳಿದಿದೆ. ಸಲ್ಮಾಬಾದಿನ ವ್ಯಾನ್ ಹಾರ್ನ್ ಹಾಕುತ್ತಿದೆ. ನಿಮಗೇನಾದರೂ ಬೇಕೇ ಎಂದು ಕೇಳಿದರೆ ಕ್ಲೊಟಿಲ್ಡಾ ಸಂಬಳದ ಮಾತೂ ಆಡುವುದಿಲ್ಲ, ಊರಿನ ಮಾತೂ ಆಡುವುದಿಲ್ಲ. ಗಾಜಿನ ಆಚೆಗಿನ ಖಾಲಿ ಜಾಗವನ್ನು ತೋರಿಸುತ್ತಾರೆ.

"ಅಲ್ಲೊಂದು ಕುರ್ಚಿ ಹಾಕಿ ಅಂತ ಕೇಳಿದ್ದೇನೆ. ಜಾಗ ಸಾಲುವುದಿಲ್ಲ ಅಂತಾರೆ. ಒಂದು ಸ್ಟೂಲ್ ಆದ್ರೂ ಸಾಕು. ನಿಂತವರಿಗೆ ತಿರುಗಿ ಹೋಗ್ಲಿಕ್ಕೆ ಸುಲಭ. ಕೂತವರು ಇನ್ನೊಂದು ಮಾತು ಕೇಳಿಯೇ ಏಳ್ತಾರೆ."